ಸಮುದಾಯ ಆರೋಗ್ಯ ಕಾರ್ಯಕರ್ತರ ನಿರ್ವಹಣೆ: ಭಾರತದ ಇತಿಹಾಸ

ವೈದ್ಯರು, ದಾದಿಯರು ನೆಲೆಸದ ಹಳ್ಳಿಗಳಲ್ಲಿ ಅಲ್ಲಿನವರನ್ನೇ ಆರಿಸಿ, ಕಲಿಸಿ, ಆರೋಗ್ಯ ಸೇವೆಗೆ ತೊಡಗಿಸುವ ಪದ್ಧತಿ. ಇವರನ್ನು ಆರಿಸುವವರು ಯಾರು, ಇವರ ದುಡಿಮೆಗೆ ಕೊಡುವುದೇನು ಎಂಬ ಎರಡು ಪ್ರಶ್ನೆಗಳ ಸುತ್ತ ಇದರ ಇತಿಹಾಸ ಬೆಳೆದಿದೆ.

ಭಾರತದಲ್ಲಿ ಮಾದರಿ ಒದಗಿಸಿದ್ದು ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಜಾಮಖೇಡ್. ಬರಪೀಡಿತವಾದ ಈ ಸೀಮೆಯಲ್ಲಿ ವೈದ್ಯ ದಂಪತಿ ರಜನೀಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ 1970ರಲ್ಲಿ ಕೆಲಸ ಆರಂಭಿಸಿದರು. ಮೊದಲು ಹಳ್ಳಿಗಳಿಗೆ ತರಬೇತಾದ ದಾದಿಯರನ್ನು ಕಳಿಸಿದರು. ಹೊರಗಿನಿಂದ ಬಂದ ಅವರ ಮಾತು ಊರಲ್ಲಿ ನಡೆಯಲಿಲ್ಲ. ಆಮೇಲೆ ಆಯಾ ಊರಿನ ಹೆಂಗಸರನ್ನೇ ಕರೆದರು. ಅವರಲ್ಲಿ ಅನೇಕರಿಗೆ ಓದುಬರಹ ಬರುತ್ತಿರಲಿಲ್ಲ. ದಲಿತ ಹೆಂಗಸರೂ ಇದ್ದರು. ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು, ಜಾತಿ ಎಣಿಸದೆ ಒಟ್ಟಿಗೆ ಉಂಡು, ಅಲ್ಲೇ ತಂಗಿ, ತಮ್ಮೂರಿನ ಬಸುರಿ, ಬಾಣಂತಿ, ಭೇದಿ ಹತ್ತಿದ ಕೂಸಿನ ಸಂಗತಿ ಹೇಳಿಕೊಳ್ಳುತ್ತಿದ್ದರು. ಒಬ್ಬಳ ತೊಡಕಿಗೆ ಇನ್ನೊಬ್ಬಳ ಅನುಭವ ದಾರಿಯಾಗುತ್ತಿತ್ತು. ಕಲಿಕೆಯೂ ಮೇಲ್ವಿಚಾರಣೆಯೂ ಈ ಕೂಟದಲ್ಲೇ ಆಗಿಹೋಗುತ್ತಿದ್ದವು. ದಂಪತಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸರ್ಕಾರ ದೇಶಕ್ಕೆಲ್ಲ ಇಂಥ ಯೋಜನೆ ಮಾಡಹೊರಟಾಗ ಊರಿನ ಹೆಂಗಸರು, ವಾರದ ಕೂಟ ಎಂಬ ಈ ಜೀವಾಳವೇ ಬಿಟ್ಟುಹೋಯಿತು. 1977ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯಲ್ಲಿ ಸಾವಿರ ಜನರಿಗೆ ಒಬ್ಬ ಕಾರ್ಯಕರ್ತ, ಮೂರು ತಿಂಗಳ ತರಬೇತಿ, ತಿಂಗಳಿಗೆ 50 ರೂಪಾಯಿ ಗೌರವಧನ. ಆಯ್ಕೆಯಾದವರಲ್ಲಿ ಬಹುಪಾಲು ಗಂಡಸರು. ಊರ ಪ್ರಮುಖರ ಮಾತು ನಡೆದ ಕಡೆ ಅವರಿಗೆ ಬೇಕಾದವರು. ತಾಯಿ-ಮಗುವಿನ ಆರೈಕೆ ಇಂಥವರಿಂದ ಸಾಗುವ ಕೆಲಸವಾಗಿರಲಿಲ್ಲ. ಯೋಜನೆಯ ಹೆಸರು ಬದಲಾಗುತ್ತ ಹೋಯಿತು, ಗೌರವಧನ ಅಲ್ಲೇ ನಿಂತಿತು.

ಇದಕ್ಕೂ ಮುಂಚೆ, 1975ರಲ್ಲಿ, ಅಂಗನವಾಡಿ ಯೋಜನೆ ಆರಂಭವಾಗಿತ್ತು; ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪು ಕೊಟ್ಟದ್ದೂ ಕರ್ನಾಟಕದ ಪ್ರಕರಣದಲ್ಲೇ. 2022ರಲ್ಲಿ ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು.

ಊರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿಸಿದ ಛತ್ತೀಸ್‌ಗಢದ ಮಿತಾನಿನ್ ಕಾರ್ಯಕ್ರಮದ (2002) ಅನುಭವದ ಬೆನ್ನಲ್ಲೇ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಶಾ ಕಾರ್ಯಕರ್ತೆಯರು ಬಂದರು. ಹೆಂಗಸರೇ ಇರಬೇಕು, ಅದೇ ಊರಿನವರಾಗಿರಬೇಕು ಎಂಬ ಪಾಠವನ್ನು ಸರ್ಕಾರ ಕಲಿತಿತ್ತು. ಸಂಬಳ ಮಾತ್ರ ಇಡಲಿಲ್ಲ. ಕೆಲಸಕ್ಕೆ ಇಷ್ಟೆಂದು ಪ್ರೋತ್ಸಾಹಧನ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಹೋಗಿಬಂದರೆ 250 ರೂಪಾಯಿ. ಮಗುವಿನ ತೂಕ ದಾಖಲಾಗಿರಬೇಕು, ಜನನ ನೋಂದಣಿ ಆಗಿರಬೇಕು, ತಾಯಿ-ಮಗು ಇಬ್ಬರೂ 42ನೇ ದಿನದವರೆಗೆ ಕ್ಷೇಮವಾಗಿರಬೇಕು ಎಂದು ಮಾರ್ಗಸೂಚಿ ಹೇಳಿತು. ಕೈಮೀರಿದ ಸಾವಿನ ನಷ್ಟವನ್ನೂ ಆಕೆಯ ತಲೆಗೇ ಕಟ್ಟಿದ ಈ ಷರತ್ತು ನ್ಯಾಯವಾದುದಲ್ಲ.

ಬೇರೆ ದಾರಿ ಇರಲಿಲ್ಲವೆಂದೂ ಹೇಳುವಂತಿಲ್ಲ. ಭಾರತಕ್ಕಿಂತ ಬಡದೇಶವಾದ ಇಥಿಯೋಪಿಯಾ 2003ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರನ್ನು ಸಂಬಳದ ಮೇಲೆಯೇ ನೇಮಿಸಿಕೊಂಡಿತು. ಕೆಲಸವಾರು ಪ್ರೋತ್ಸಾಹಧನವನ್ನೇ ನೆಚ್ಚಬಾರದು, ದುಡಿಮೆಗೆ ತಕ್ಕ ಪ್ರತಿಫಲ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿಯನ್ನೂ ಕೊಟ್ಟಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ರಾಜ್ಯ ಸರ್ಕಾರದಿಂದ ಸಿಕ್ಕ ಮೇಲೆ ಧರಣಿ ಹಿಂತೆಗೆದುಕೊಂಡರು.