ಉಸಿರು ಬಿಟ್ಟವನು ಔಟ್

ಒಂದು ರಾತ್ರಿ ಊಟ ಮುಗಿಸಿ ಪ್ರೊ ಕಬಡ್ಡಿ ನೋಡ್ತಾ ಕೂತಿದ್ವಿ. ಪಕ್ಕದಲ್ಲಿ ಅಕ್ಕನ ಮಗ, ಏಳನೇ ಕ್ಲಾಸು. ಎಲ್ಲಾ ತಂಡಗಳ ಎಲ್ಲಾ ಆಟಗಾರರ ಹೆಸರು, ಯಾರು ಎಷ್ಟು ಕೋಟಿಗೆ ಹರಾಜಾದರು ಅನ್ನೋದೆಲ್ಲ ಅವನಿಗೆ ಬಾಯಿಪಾಠ. ಇದ್ದಕ್ಕಿದ್ದಂತೆ ಕೇಳಿದ:

"ಮಾಮ, ರೈಡಿಂಗ್ ಹೋದವ್ನು ಬಾಯಲ್ಲಿ ಏನೋ ಗೊಣಗ್ತಾನೇ ಇರ್ತಾನಲ್ಲ, ಯಾಕೆ?"

"ಕಬಡ್ಡಿ ಕಬಡ್ಡಿ ಅಂತಿದಾನೆ ಕಣೋ."

"ಅದು ಗೊತ್ತು. ಯಾಕೆ ಅನ್ಬೇಕು? ಮೂವತ್ತು ಸೆಕೆಂಡಿನ ಟೈಮರ್ ಇದೆಯಲ್ಲ."

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಹುಡುಗ ಕೇಳಿದ್ದು ಸರಿಯಾಗೇ ಇತ್ತು. ಪರದೆಯ ಮೂಲೆಯಲ್ಲಿ ಗಡಿಯಾರ ಇಳೀತಾ ಇದೆ, ಸೊನ್ನೆಗೆ ಬಂದರೆ ರೈಡ್ ಮುಗೀತು. ಹಾಗಿದ್ಮೇಲೆ ಆ ಗೊಣಗಾಟದಿಂದ ಏನು ಕೆಲಸ? ಅವನಿಗೆ ಗೊತ್ತಿಲ್ಲದ ಸಂಗತಿ ಏನಂದ್ರೆ, ಒಂದು ಕಾಲದಲ್ಲಿ ಆ ಗೊಣಗಾಟವೇ ಗಡಿಯಾರ ಆಗಿತ್ತು. ಒಬ್ಬ ಮನುಷ್ಯನ ಎದೆಯೊಳಗೆ ಹಿಡಿಯುವಷ್ಟು ಗಾಳಿ ಎಷ್ಟೋ, ಅವನ ಪಾಲಿನ ಸಮಯ ಅಷ್ಟು.

ಜಗತ್ತಿನ ಆಟಗಳಲ್ಲಿ ವಿಚಿತ್ರ ನಿಯಮಗಳಿಗೆ ಬರ ಇಲ್ಲ. ಆದರೆ ಉಸಿರಾಡಬಾರದು ಅಂತ ಹೇಳುವ ನಿಯಮ, ಅದೂ ನೀರೊಳಗಲ್ಲ, ನೆಲದ ಮೇಲೆ, ಏಳು ಜನ ನಿಮ್ಮ ಕಾಲು ಹಿಡಿಯೋಕೆ ಕಾಯ್ತಾ ಇರುವಾಗ! ಅದಕ್ಕಿಂತ ವಿಚಿತ್ರ ಅಂದ್ರೆ ಅದನ್ನು ಜಾರಿಗೆ ತರುವ ರೀತಿ. ಚೆಂಡು ಗೆರೆ ದಾಟಿದ್ದನ್ನು ಕಣ್ಣಲ್ಲಿ ನೋಡಬಹುದು. ಉಸಿರು ಒಳಗೆ ಹೋದದ್ದನ್ನು ಹೇಗೆ ನೋಡ್ತೀರಿ? ಅದಕ್ಕೇ ನಮ್ಮ ಹಿಂದಿನವರು ಒಂದು ಉಪಾಯ ಕಂಡುಕೊಂಡರು. ನೀನು ಒಂದು ಮಾತನ್ನು ನಿಲ್ಲಿಸದೆ ಹೇಳ್ತಾ ಇರು, ನಾನು ಕೇಳ್ತಾ ಇರ್ತೀನಿ. ಮಾತು ತುಂಡಾದರೆ ಉಸಿರು ತುಂಡಾಯ್ತು ಅಂತ ಲೆಕ್ಕ.

ಆ ಮಾತು ಎಲ್ಲಾ ಕಡೆ ಒಂದೇ ಆಗಿರಲಿಲ್ಲ. ಮಹಾರಾಷ್ಟ್ರದಲ್ಲಿ 'ಹುತುತು', ಬಂಗಾಳದಲ್ಲಿ 'ಹಾಡುಡು', ತಮಿಳರಲ್ಲಿ 'ಸಡುಗುಡು', ತೆಲುಗರಲ್ಲಿ 'ಚೆಡುಗುಡು'. ನಮ್ಮ ಕಡೆ ಚಿಡುಗುಡು ಅಂತಲೂ ಅಂತಿದ್ವಿ, ಬರೀ 'ಗುಡುಗುಡುಗುಡು' ಅಂತಲೂ ಓಡ್ತಿದ್ವಿ. ಆಟದ ಹೆಸರೂ ಅದೇ, ಆಡುವಾಗ ಹೇಳುವ ಮಾತೂ ಅದೇ.

ಮಾತಿನ ಹಾಗೆ ನಿಯಮಗಳೂ ಬೇರೆ ಬೇರೆ. 'ಸಂಜೀವನಿ' ಅನ್ನುವ ಪದ್ಧತಿಯಲ್ಲಿ ಎದುರಾಳಿ ಒಬ್ಬ ಔಟಾದರೆ ನಮ್ಮ ಕಡೆ ಸತ್ತವನೊಬ್ಬ ಎದ್ದು ಬರ್ತಿದ್ದ. 'ಗಾಮಿನಿ'ಯಲ್ಲಿ ಹಾಗಿಲ್ಲ, ಸತ್ತವನು ಸತ್ತ ಹಾಗೇ. ಇಡೀ ತಂಡ ಮುಗಿಯುವ ತನಕ ಗೆರೆಯ ಆಚೆ ಕೂತು ಕಡ್ಡಿ ಮುರೀತಾ ಇರಬೇಕು. 'ಅಮರ'ದಲ್ಲಿ ಔಟಾದರೂ ಹೊರಗೆ ಹೋಗೋ ಹಾಗಿಲ್ಲ, ಎದುರಿನವರಿಗೆ ಅಂಕ ಮಾತ್ರ ಸೇರುತ್ತೆ. ಇವತ್ತು ಟಿವಿಯಲ್ಲಿ 'ರಿವೈವ್' ಅಂತ ಕೂಗ್ತಾರಲ್ಲ, ಅದು ಸಂಜೀವನಿಯದೇ ಮೊಮ್ಮಗು. ನನ್ನ ಕೇಳಿದರೆ ಹಳೇ ಹೆಸರೇ ಚೆನ್ನಾಗಿತ್ತು.

ಇವನ್ನೆಲ್ಲ ಒಂದು ಹಗ್ಗಕ್ಕೆ ಕಟ್ಟುವ ಕೆಲಸ ಶುರುವಾದದ್ದು 1920ರ ದಶಕದಲ್ಲಿ, ಮಹಾರಾಷ್ಟ್ರ ಮತ್ತು ಬರೋಡಾದ ಕಡೆ. 1921ರಲ್ಲಿ ಸಂಜೀವನಿ, ಗಾಮಿನಿ ಎರಡನ್ನೂ ಬೆರೆಸಿ ಒಂದು ಚೌಕಟ್ಟು ಮಾಡಿದರು, 1923ರಲ್ಲಿ ಅದನ್ನು ತಿದ್ದಿದರು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಈ ಆಟವನ್ನು ಆಡಿ ತೋರಿಸಿದರು. ನಿಲ್ಲಿಸದೆ ಮಾತಾಡ್ತಾ ಒಬ್ಬನೇ ಎದುರು ಪಾಳಯಕ್ಕೆ ನುಗ್ಗುವ ಮನುಷ್ಯನನ್ನು ನೋಡಿ ಅಲ್ಲಿನ ಜನ ಏನಂದುಕೊಂಡರೋ. 1938ರಲ್ಲಿ ಕಲ್ಕತ್ತೆಯ ಭಾರತೀಯ ಒಲಿಂಪಿಕ್ ಕ್ರೀಡೆಗಳಲ್ಲಿ ಜಾಗ ಸಿಕ್ಕಿತು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್, 1952ರಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್. ಇಷ್ಟರೊಳಗೆ ಒಂದು ಮಾತು ತೀರ್ಮಾನ ಆಗಿಹೋಗಿತ್ತು. ಹುತುತು ಇಲ್ಲ, ಗುಡುಗುಡು ಇಲ್ಲ. ಹೇಳಬೇಕಾದ್ದು 'ಕಬಡ್ಡಿ' ಮಾತ್ರ. ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದೇ ಉಸಿರಲ್ಲಿ. ನಿಯಮದ ಪುಸ್ತಕದಲ್ಲಿ ಇದಕ್ಕೆ 'ಕ್ಯಾಂಟ್' ಅಂತ ಹೆಸರು.

ಈ ಒಂದು ಸಾಲು ಒಬ್ಬ ಹುಡುಗನ ಮೇಲೆ ಹೇಗೆ ಬಿತ್ತು ಅನ್ನೋದನ್ನು ನಾನು ನೋಡಿದ್ದೀನಿ.

ಹೈಸ್ಕೂಲಲ್ಲಿ ನಮ್ಮ ಜತೆ ಒಬ್ಬನಿದ್ದ. ಹೆಸರು ಬೇಡ. ಅವನಿಗೆ ಮಾತು ತೊದಲುತ್ತಿತ್ತು. ಅದರಲ್ಲೂ 'ಕ' ಅಕ್ಷರ ಬಂದರೆ ಮುಗೀತು, ಗಂಟಲಲ್ಲೇ ಗೂಟ ಹೊಡೆದ ಹಾಗೆ ನಿಂತುಬಿಡೋದು. ಆದರೆ ಒಮ್ಮೆ ಲಯ ಹಿಡಿದರೆ ತೊದಲು ಮಾಯ. ಭಜನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡ್ತಿದ್ದ. ಊರ ಗದ್ದೆಯಲ್ಲಿ ಸುಗ್ಗಿ ಮುಗಿದ ಮೇಲೆ ಆಡುವಾಗ ಅವನದು 'ಗುಡುಗುಡುಗುಡು'. ನಾವು ಅವನನ್ನು ಕರೀತಿದ್ದುದೂ ಹಾಗೇ, ಗುಡುಗುಡು ಅಂತ. ಎಂಥಾ ದಮ್ಮು ಅಂತೀರಿ! ಎದುರಿನವರು ಕಾದು ಕಾದು ಬೇಸತ್ತು ಒಂದು ಹೆಜ್ಜೆ ತಪ್ಪು ಇಟ್ಟರೆ ಸಾಕು, ಮುಟ್ಟಿಬಿಡೋನು. ಗದ್ದೆಯಲ್ಲಿ ಅಂಪೈರ್ ಅಂತ ಯಾರೂ ಇರ್ತಿರಲಿಲ್ಲ. "ಉಸಿರು ಬಿಟ್ಟ!" ಅಂತ ಒಬ್ಬ ಕೂಗೋದು, "ದೇವ್ರಾಣೆ ಬಿಟ್ಟಿಲ್ಲ" ಅಂತ ಇನ್ನೊಬ್ಬ ಆಣೆ ಹಾಕೋದು. ಅವನ ಮೇಲೆ ಮಾತ್ರ ಯಾರೂ ಕೂಗ್ತಿರಲಿಲ್ಲ, ಯಾಕಂದ್ರೆ ಬಿಡ್ತಿರಲಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋದ್ವಿ. ಕ್ಯಾಂಟ್ ಬಗ್ಗೆ ಇನ್ನೊಂದು ನಿಯಮ ಇದೆ. ಎದುರಾಳಿಯ ಅಂಕಣಕ್ಕೆ ಕಾಲಿಡುವ ಮೊದಲೇ ಶುರು ಮಾಡಿರಬೇಕು. ತಡವಾದರೆ ಅಂಪೈರ್ ವಾಪಸ್ ಕಳಿಸ್ತಾರೆ, ಸರದಿ ಎದುರಿನವರಿಗೆ ಹೋಗುತ್ತೆ. ಈಗ ಅದರ ಜತೆ ಒಂದು ತಾಂತ್ರಿಕ ಅಂಕವೂ ಹೋಗುತ್ತೆ. ನಮ್ಮವನು ನಡುಗೆರೆ ಹತ್ತಿರ ಬಂದ, ಬಾಯಿ ತೆರೆದ, 'ಕ' ಬರಲಿಲ್ಲ. ಕಾಲು ಮುಂದೆ ಹೋಗಿತ್ತು. ಸೀಟಿ. ಎರಡನೇ ಸಲವೂ ಹಾಗೇ. ಮೂರನೇ ಸಲ ಅಭ್ಯಾಸಬಲದಿಂದ 'ಗುಡುಗುಡು' ಅಂತ ನುಗ್ಗಿದ. ಮತ್ತೆ ಸೀಟಿ. ಸುತ್ತ ನಿಂತಿದ್ದವರು ನಕ್ಕರು.

ನಮ್ಮ ಪಿ.ಟಿ. ಮೇಷ್ಟ್ರು ಗೆರೆ ದಾಟಿ ಹೋಗಿ ಅಂಪೈರ್ ಹತ್ತಿರ ಮಾತಾಡಿದರು. ಆ ಮನುಷ್ಯ ಕೆಟ್ಟವರೇನಲ್ಲ, ಸಮಾಧಾನವಾಗೇ ಕೇಳಿಸಿಕೊಂಡರು. ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. "ಸಾರ್, ಇವತ್ತು ಇವನಿಗೆ ಗುಡುಗುಡು ಅಂತ ಬಿಟ್ಟರೆ ನಾಳೆ ಇನ್ನೊಬ್ಬ ಹೂಂ ಹೂಂ ಅಂತಾನೆ. ಆಗ ನಾನು ಯಾವುದನ್ನ ಕೇಳಿ ಉಸಿರು ಹಿಡೀಲಿ?"

ಆವತ್ತು ಆ ಮಾತು ಕೇಳಿ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದಾಗ ಅದರಲ್ಲಿ ನ್ಯಾಯ ಇದೆ ಅನ್ನಿಸಿತು. ನೀವೇ ಮಾಡಿ ನೋಡಿ. 'ಹೂಂ' ಅನ್ನುತ್ತಾ ಮೂಗಿನಿಂದ ಸದ್ದಿಲ್ಲದೆ ಗಾಳಿ ಎಳೆದುಕೊಳ್ಳಬಹುದು. 'ಕಬಡ್ಡಿ'ಯಲ್ಲಿ ಅದು ಕಷ್ಟ. 'ಬ'ಗೆ ತುಟಿ ಮುಚ್ಚಬೇಕು, 'ಡ್ಡಿ'ಗೆ ನಾಲಿಗೆ ಮಡಚಿ ಒತ್ತಬೇಕು, ಪ್ರತಿ ಸಲ ಒಂದಿಷ್ಟು ಗಾಳಿ ಹೊರಗೆ ಹೋಗಲೇಬೇಕು. ಉಸಿರು ಎಳೆದುಕೊಳ್ಳುತ್ತಾ ಹೇಳಿದರೆ ಸ್ವರ ಬದಲಾಗುತ್ತೆ, ಕಿವಿ ಇದ್ದವನಿಗೆ ಗೊತ್ತಾಗುತ್ತೆ. ಆ ಪದವನ್ನು ಆರಿಸಿದವರು ಇದನ್ನೆಲ್ಲ ಯೋಚಿಸಿಯೇ ಆರಿಸಿದರು ಅಂತ ನಾನು ಹೇಳ್ತಿಲ್ಲ. ಆದರೆ ಕಿವಿಯಿಂದ ನಡೆಯುವ ನಿಯಮಕ್ಕೆ ಎಲ್ಲರೂ ಒಂದೇ ಪದ ಹೇಳುವುದು ಬೇಕೇ ಬೇಕು ಅನ್ನೋದು ಆ ಅಂಪೈರ್ ಮಾತಿನ ಅರ್ಥ. ಅದರ ಬೆಲೆ ಕೊಟ್ಟವನು ನಮ್ಮ ಗೆಳೆಯ.

ಕಿವಿಯ ನಿಯಮ ಇದ್ದದ್ದರಿಂದ ಅದರ ಬೆನ್ನಿಗೆ ಬೇರೆ ನಿಯಮಗಳೂ ಹುಟ್ಟಿಕೊಂಡವು. ರೈಡರ್‌ನ ಬಾಯಿ ಮುಚ್ಚಿ ಕ್ಯಾಂಟ್ ನಿಲ್ಲಿಸಬಾರದು, ಕುತ್ತಿಗೆ ಅಮುಕಬಾರದು ಅಂತ ಪುಸ್ತಕದಲ್ಲಿ ಬರೆದೇ ಇದೆ. ಬರೆಯಬೇಕಾಗಿ ಬಂತು ಅಂದ್ರೆ ಯಾರೋ ಮಾಡಿರಲೇಬೇಕು. ಗದ್ದೆಯಲ್ಲಿ ನಾವೂ ಮಾಡಿದ್ದೀವಿ, ಈಗ ಒಪ್ಪಿಕೊಳ್ಳೋಕೆ ನಾಚಿಕೆ ಏನು. ಕೈಕಾಲು, ಮೈ ಬಿಟ್ಟು ಕೂದಲು, ಬಟ್ಟೆ ಹಿಡಿಯೋ ಹಾಗಿಲ್ಲ. ಕಾಲುಗಳನ್ನು ಕತ್ತರಿಯ ಹಾಗೆ ಹೆಣೆದು ಹಿಡಿಯುವಂತಿಲ್ಲ. ಉಗುರು ಕತ್ತರಿಸಿರಬೇಕು, ಉಂಗುರ ಸರ ತೆಗೆದಿಡಬೇಕು. ಮೈಗೆ ಎಣ್ಣೆ ಹಚ್ಚಿಕೊಂಡು ಬರಬಾರದು, ಹಿಡಿದರೆ ಜಾರಿಕೊಂಡು ಹೋಗ್ತಾನಲ್ಲ ಅದಕ್ಕೆ. ಮೀರಿದರೆ ಈಗ ಬಣ್ಣದ ಕಾರ್ಡು. ಹಸಿರು ಅಂದ್ರೆ ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಪೂರ್ತಿ ಹೊರಗೆ. ನಮ್ಮ ಕಾಲದಲ್ಲಿ ಮೇಷ್ಟ್ರ ಕೈಯಲ್ಲಿದ್ದ ಬೆತ್ತ ಇವು ಮೂರೂ ಕೆಲಸ ಮಾಡ್ತಿತ್ತು.

1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿಗೆ ಪದಕ ಬಂತು. ಅಲ್ಲಿಂದ 2014ರ ತನಕ ಪುರುಷರ ಚಿನ್ನ ಏಳು ಸಲವೂ ಭಾರತಕ್ಕೇ. 2010ರಲ್ಲಿ ಮಹಿಳೆಯರ ಕಬಡ್ಡಿ ಸೇರಿದಾಗ ಚಿನ್ನ ಗೆದ್ದ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಆಟ ದೊಡ್ಡದಾದಷ್ಟೂ ಕ್ರೀಡಾಂಗಣದ ಗದ್ದಲ ದೊಡ್ಡದಾಯ್ತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ದೀಪ, ಹಾಡು, ಮೈಕು ಎಲ್ಲ ಬಂತು. ಆ ಸದ್ದಿನಲ್ಲಿ ಒಬ್ಬ ಅಂಪೈರ್ ಒಬ್ಬ ರೈಡರ್‌ನ ಉಸಿರನ್ನು ಕೇಳಿಸಿಕೊಳ್ಳೋದು ಹೇಗೆ? ರೈಡ್ ಅಳೆಯೋದು ಈಗ 30 ಸೆಕೆಂಡಿನ ಗಡಿಯಾರ. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಕ್ಯಾಂಟ್ ನಿಯಮ ಪುಸ್ತಕದಲ್ಲಿ ಇನ್ನೂ ಇದೆ, ಸೀಟಿ ಊದುವವರೂ ಇದ್ದಾರೆ. ಆದರೆ ನೋಡುವವರ ಕಣ್ಣು ಗಡಿಯಾರದ ಮೇಲೆ.

ಗಡಿಯಾರ, ಕ್ಯಾಮೆರಾ ಬಂದ ಮೇಲೆ ಜಗಳ ಮುಗೀತು ಅಂದ್ಕೋಬೇಡಿ. 2023ರ ಅಕ್ಟೋಬರ್ 7ರಂದು ಹ್ಯಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಭಾರತ, ಇರಾನ್. 2018ರಲ್ಲಿ ಇದೇ ಇರಾನ್ ನಮ್ಮನ್ನು ಸೆಮಿಫೈನಲ್‌ನಲ್ಲಿ ಸೋಲಿಸಿತ್ತು, ಹಾಗಾಗಿ ಬಿಸಿ ಮೊದಲೇ ಇತ್ತು. ಅಂಕ 28-28, ಉಳಿದದ್ದು ಸುಮಾರು ಒಂದು ನಿಮಿಷ. ಪವನ್ ಸೆಹ್ರಾವತ್ ರೈಡಿಗೆ ಹೋದರು. ಯಾರನ್ನೂ ಮುಟ್ಟದೆ ಪಕ್ಕದ ಲಾಬಿಗೆ ಕಾಲಿಟ್ಟರು, ಹಿಡಿಯೋಕೆ ಅಂತ ಇರಾನಿನವರೂ ಹಿಂದೆ ನುಗ್ಗಿದರು.

ಲಾಬಿ ಅಂದ್ರೆ ಅಂಕಣದ ಎರಡೂ ಪಕ್ಕ ಇರುವ 1 ಮೀಟರ್ ಪಟ್ಟಿ. ಮುಟ್ಟುವ ತನಕ ಅದು ಆಟದ ಹೊರಗೆ, ಮುಟ್ಟಿದ ಕ್ಷಣದಿಂದ ಒಳಗೆ. ನೆಲದ ಮೇಲಿನ ಗೆರೆ ಅಲ್ಲೇ ಇರುತ್ತೆ, ಅದರ ಅರ್ಥ ಮಾತ್ರ ಬದಲಾಗುತ್ತೆ. ಇದೂ ಎಂಥಾ ವಿಚಿತ್ರ ನಿಯಮ ನೋಡಿ. ಮುಟ್ಟದೆ ಒಳಗೆ ಹೋದ ಪವನ್ ಔಟ್, ಅದರಲ್ಲಿ ತಕರಾರಿಲ್ಲ. ಅವರ ಹಿಂದೆ ಮುಟ್ಟದೆ ಹೋದ ಇರಾನಿನವರ ಗತಿ? ಹಳೆಯ ನಿಯಮದ ಪ್ರಕಾರ ಅವರೂ ಔಟ್. ತಿದ್ದಿದ ನಿಯಮದ ಪ್ರಕಾರ ರೈಡರ್ ಹೊರಬಿದ್ದಲ್ಲಿಗೆ ರೈಡ್ ಮುಗೀತು, ಹಿಂದೆ ಹೋದವರು ಲೆಕ್ಕಕ್ಕಿಲ್ಲ. ತೀರ್ಪು ಒಮ್ಮೆ ಹಾಗೆ, ಒಮ್ಮೆ ಹೀಗೆ. ಆಟಗಾರರು ಅಂಕಣದಲ್ಲೇ ಕೂತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ತೀರ್ಪು ಭಾರತದ ಕಡೆ ಬಂತು, 33-29ರಲ್ಲಿ ಚಿನ್ನ ನಮ್ಮದಾಯ್ತು.

ಗೆದ್ದದ್ದಕ್ಕೆ ಖುಷಿಪಟ್ಟೆ, ಸುಳ್ಳು ಯಾಕೆ. ಆದರೆ ಆ ಒಂದು ಗಂಟೆ ನೋಡ್ತಾ ನಮ್ಮ ಗದ್ದೆಯ ಜಗಳವೇ ನೆನಪಾಗ್ತಿತ್ತು. ಏನು ನಡೀತು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಕ್ಯಾಮೆರಾ ಎಲ್ಲವನ್ನೂ ತೋರಿಸಿತ್ತು. ಯಾವ ಪುಸ್ತಕ ತೆರೆಯಬೇಕು ಅನ್ನೋದೇ ಜಗಳ. ಗದ್ದೆಯಲ್ಲಿ ನಮ್ಮ ಕಷ್ಟ ಇದಕ್ಕೆ ಉಲ್ಟಾ. ನಿಯಮ ಎಲ್ಲರಿಗೂ ಗೊತ್ತಿತ್ತು, ಉಸಿರು ಬಿಟ್ಟನೋ ಇಲ್ಲವೋ ಅನ್ನೋದು ಆಡುವವನಿಗೆ ಮತ್ತು ದೇವರಿಗೆ ಮಾತ್ರ ಗೊತ್ತಿತ್ತು.

ಅಕ್ಕನ ಮಗನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವನು ಅಂಗಳಕ್ಕೆ ಹೋಗಿ ನಿಂತ. ನಾನು ಮೊಬೈಲಲ್ಲಿ ಟೈಮ್ ಹಿಡಿದೆ. 'ಕಬಡ್ಡಿ ಕಬಡ್ಡಿ' ಅಂತ ಓಡ್ತಾ 14 ಸೆಕೆಂಡಿಗೆ ಸುಸ್ತಾದ. ನನ್ನದು ಕೇಳಬೇಡಿ.

ಮರುದಿನ ಗುಡುಗುಡುಗೆ ಫೋನ್ ಮಾಡಿದೆ. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ತೊದಲು ಬಹಳ ಕಡಿಮೆಯಾಗಿದೆ. ತಾಲ್ಲೂಕು ಪಂದ್ಯ ನೆನಪಿದೆಯೇನೋ ಅಂದೆ. "ಇಲ್ದೆ ಏನೋ," ಅಂದ. ಆ ಅಂಪೈರ್ ಮೇಲೆ ಇನ್ನೂ ಸಿಟ್ಟಿದೆಯಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಅದು ತೊದಲಿನ ಮೌನವೋ, ಯೋಚನೆಯದೋ ಫೋನಲ್ಲಿ ತಿಳೀಲಿಲ್ಲ.

"ಅವ್ರ ಮೇಲೆ ಎಂಥಾ ಸಿಟ್ಟೋ ಮಾರಾಯ," ಅಂದ. "ನಕ್ಕಿದ್ರಲ್ಲ, ಅವ್ರ ಮೇಲೆ. ಅದ್ರಲ್ಲಿ ನೀನೂ ಇದ್ದೆ."