ನಿರ್ ಓಝ್: ಗಡಿಯಂಚಿನ ಕೃಷಿ ಊರಿನ ಮೇಲೆ ನಡೆದ ದಾಳಿ

ಇಸ್ರೇಲಿನ ನೆಗೆವ್ ಮರುಭೂಮಿಯ ಪಶ್ಚಿಮ ಅಂಚಿನಲ್ಲಿ, ಗಾಝಾ ಪಟ್ಟಿಯ ಬೇಲಿಗೆ ಸುಮಾರು 2 ಕಿ.ಮೀ. ದೂರದಲ್ಲಿ ನಿರ್ ಓಝ್ ಎಂಬ ಪುಟ್ಟ ಊರಿದೆ. ಅಲ್ಲಿ ವಾಸವಿದ್ದವರು ಸುಮಾರು 400 ಮಂದಿ. 2023ರ ಅಕ್ಟೋಬರ್ 7ರ ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ನಾಲ್ವರಿಗೊಬ್ಬರಂತೆ ಹತರಾಗಿದ್ದರು ಇಲ್ಲವೇ ಅಪಹರಣಕ್ಕೊಳಗಾಗಿದ್ದರು.

ಗಡಿಯಲ್ಲಿ ಹೊಲ ಏಕೆ?

ನಿರ್ ಓಝ್ ಒಂದು ಕಿಬ್ಬುಟ್ಸ್. ಭೂಮಿ, ದುಡಿಮೆ, ಆದಾಯಗಳನ್ನು ಊರೇ ಒಟ್ಟಾಗಿ ನೋಡಿಕೊಳ್ಳುವ ಈ ವ್ಯವಸ್ಥೆ ಇಸ್ರೇಲ್ ಹುಟ್ಟುವ ಮೊದಲೇ ಆರಂಭವಾಗಿತ್ತು. ಆದರೆ ನಿರ್ ಓಝ್ ತಾನಾಗಿ ಬೆಳೆದ ಹಳ್ಳಿಯಲ್ಲ. ಸೈನಿಕ ಸೇವೆಯನ್ನೂ ಬೇಸಾಯವನ್ನೂ ಜೊತೆಯಾಗಿ ಮಾಡುತ್ತಿದ್ದ ನಹಾಲ್ ದಳದ ಯುವಕರು 1955ರಲ್ಲಿ ಇಲ್ಲಿ ನೆಲೆಯೂರಿದರು. ಕೊನೆಯ ಉಳುಮೆ ಸಾಲು ಎಲ್ಲಿ ನಿಲ್ಲುತ್ತದೋ ಅಲ್ಲೇ ದೇಶದ ಗಡಿ ಎಂಬುದು ಆ ಕಾಲದ ನಂಬಿಕೆ. ರೈತನನ್ನೇ ಕಾವಲುಗಾರನನ್ನಾಗಿಸಿದ ಈ ನೀತಿಯ ಬೆಲೆ ಏನೆಂಬುದು ಬೇಗನೆ ಗೊತ್ತಾಯಿತು. 1956ರ ಏಪ್ರಿಲ್‌ನಲ್ಲಿ ಇದೇ ಗಡಿಯ ನಹಾಲ್ ಓಝ್ ಕಿಬ್ಬುಟ್ಸ್‌ನ ಭದ್ರತಾ ಉಸ್ತುವಾರಿಯನ್ನು ಹೊಲದಲ್ಲೇ ಕೊಲ್ಲಲಾಯಿತು. ಅಂತ್ಯಕ್ರಿಯೆಯಲ್ಲಿ ಮಾತನಾಡಿದ ಸೇನಾ ಮುಖ್ಯಸ್ಥ ಮೋಶೆ ದಯಾನ್, ಬೇಲಿಯಾಚೆ ನಿರಾಶ್ರಿತರ ಶಿಬಿರಗಳಲ್ಲಿ ಕುಳಿತವರ ಕಣ್ಣೆದುರೇ ಅವರ ಹಿರಿಯರ ನೆಲವನ್ನು ನಾವು ನಮ್ಮದಾಗಿಸಿಕೊಳ್ಳುತ್ತಿದ್ದೇವೆ ಎಂಬ ಸತ್ಯವನ್ನು ಮುಚ್ಚಿಡಲಿಲ್ಲ. ಹಾಗೆಂದು ನೆಲ ಬಿಡಿ ಎನ್ನಲೂ ಇಲ್ಲ, ಎಚ್ಚರ ತಪ್ಪಬೇಡಿ ಎಂದರು.

ಕಾಲಕ್ರಮೇಣ ನಿರ್ ಓಝ್ ಕಡಿಮೆ ನೀರಿನಲ್ಲಿ ಉದ್ಯಾನ ಬೆಳೆಸುವ ಪ್ರಯೋಗಗಳಿಗೆ ಹೆಸರಾಯಿತು. ಅಲ್ಲಿನ ಹಿರಿಯರಲ್ಲಿ ಶಾಂತಿ ಚಳವಳಿಯವರೂ ಇದ್ದರು. ಗಾಝಾದ ರೋಗಿಗಳನ್ನು ಗಡಿಯಿಂದ ತಮ್ಮ ಕಾರುಗಳಲ್ಲೇ ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿದ್ದವರು ಇವರು.

ಬೇಲಿಯ ಮೇಲಿನ ಭರವಸೆ

2021ರ ಡಿಸೆಂಬರ್‌ನಲ್ಲಿ ಇಸ್ರೇಲ್ ಸುಮಾರು 65 ಕಿ.ಮೀ. ಉದ್ದದ ಹೊಸ ತಡೆಗೋಡೆಯನ್ನು ಪೂರ್ಣಗೊಳಿಸಿತು. ವೆಚ್ಚ 350 ಕೋಟಿ ಶೆಕೆಲ್. ಸುರಂಗ ತಡೆಯಲು ನೆಲದಡಿ ಕಾಂಕ್ರೀಟ್ ಗೋಡೆ ಮತ್ತು ಸಂವೇದಕಗಳು, ಮೇಲೆ ಕ್ಯಾಮೆರಾ, ದೂರದಿಂದಲೇ ಚಲಾಯಿಸುವ ಮೆಷಿನ್ ಗನ್. ಯಂತ್ರ ಕಾಯುತ್ತದೆ ಎಂಬ ಧೈರ್ಯ ಬಂದಮೇಲೆ ಮನುಷ್ಯರ ಕಾವಲು ತೆಳುವಾಯಿತು. ಗಾಝಾವನ್ನು ಆಳುತ್ತಿದ್ದ ಹಮಾಸ್ ಸಂಘಟನೆ ದೊಡ್ಡ ದಾಳಿಗೆ ಕೈಹಾಕಲಾರದು ಎಂಬ ಲೆಕ್ಕಾಚಾರವೂ ಇದಕ್ಕೆ ಸೇರಿಕೊಂಡಿತ್ತು. ಆದರೆ ಅಕ್ಟೋಬರ್ 7ರಂದು ದಾಳಿಕೋರರು ಡ್ರೋನ್‌ಗಳಿಂದ ಕಾವಲು ಗೋಪುರಗಳ ಮೇಲೆ ಸ್ಫೋಟಕ ಬೀಳಿಸಿ, ಬುಲ್ಡೋಜರ್‌ನಿಂದ ಬೇಲಿ ಕಿತ್ತು ಒಳಬಂದರು. ಇಷ್ಟೇ ಸಾಕಾಯಿತು.

ಅಂದು ನಡೆದದ್ದು

ಅದು ಶನಿವಾರ, ಯಹೂದಿಗಳ ಸಿಮ್ಹತ್ ತೋರಾ ಹಬ್ಬದ ದಿನ. ಬೆಳಿಗ್ಗೆ 6.29ಕ್ಕೆ ಗಾಝಾದಿಂದ ರಾಕೆಟ್‌ಗಳು ಹಾರಿಬಂದವು. ಗಡಿ ಊರಿನವರಿಗೆ ಇದು ಹೊಸದಲ್ಲ, ಎಲ್ಲರೂ ಎಂದಿನಂತೆ ಮನೆಯೊಳಗಿನ ರಕ್ಷಣಾ ಕೊಠಡಿಗೆ ಹೋದರು. ದುರಂತದ ಒಂದು ಮುಖ್ಯ ಕಾರಣ ಅಡಗಿರುವುದು ಇಲ್ಲೇ. ‘ಮಮಾದ್’ ಎನ್ನುವ ಈ ಕೊಠಡಿಯನ್ನು ಕಟ್ಟಿದ್ದು ರಾಕೆಟ್‌ನಿಂದ ಪಾರಾಗಲು, ಬಂದೂಕು ಹಿಡಿದವರನ್ನು ತಡೆಯಲು ಅಲ್ಲ. ಕಟ್ಟಡ ಕುಸಿದರೆ ರಕ್ಷಕರು ಒಳಗೆ ಬರಬೇಕಲ್ಲ, ಹಾಗಾಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವಂತಿರಲಿಲ್ಲ. ಜನ ಗಂಟೆಗಟ್ಟಲೆ ಹಿಡಿಕೆಯನ್ನು ಕೈಯಲ್ಲೇ ಬಿಗಿಹಿಡಿದು ನಿಂತರು. ಮನೆಗೆ ಬೆಂಕಿ ಬಿದ್ದಲ್ಲಿ ಹೊಗೆ ತಾಳಲಾರದೆ ಹೊರಬಂದರು.

ಊರಿನದೇ ಒಂದು ಸಣ್ಣ ಸಶಸ್ತ್ರ ತಂಡವಿತ್ತು, ಆದರೆ ನೂರಾರು ಜನರೆದುರು ಅದು ಎಷ್ಟು ಹೊತ್ತು ನಿಂತೀತು? ಹಮಾಸ್ ಮತ್ತಿತರ ಗುಂಪುಗಳ ಬಂದೂಕುಧಾರಿಗಳ ಹಿಂದೆ ಗಾಝಾದಿಂದ ಲೂಟಿಗೆಂದು ಬಂದವರೂ ಇದ್ದರು. 40ಕ್ಕೂ ಹೆಚ್ಚು ಜನ ಸತ್ತರು. 70ಕ್ಕೂ ಹೆಚ್ಚು ಮಂದಿಯನ್ನು ಎಳೆದೊಯ್ಯಲಾಯಿತು, ಅವರಲ್ಲಿ ಹಸುಗೂಸೂ 80 ದಾಟಿದ ವೃದ್ಧರೂ ಇದ್ದರು. ಬೆರಳೆಣಿಕೆಯ ಮನೆಗಳನ್ನು ಬಿಟ್ಟರೆ ಉಳಿದೆಲ್ಲಕ್ಕೂ ಹಾನಿಯಾಯಿತು.

ಸೇನೆ ಬಂದದ್ದು ಮಧ್ಯಾಹ್ನ ಒಂದು ಗಂಟೆಯ ಮೇಲೆ, ದಾಳಿಕೋರರೆಲ್ಲ ಹೊರಟುಹೋದ ನಂತರ. ಈ ಊರಿನಲ್ಲಿ ಸೈನಿಕರು ಹೋರಾಡಲೇ ಇಲ್ಲ. ಸೇನೆಯ ಸ್ವಂತ ತನಿಖೆಯೂ ಇದನ್ನು ವೈಫಲ್ಯವೆಂದೇ ಒಪ್ಪಿದೆ. ಒಪ್ಪದೆ ದಾರಿಯೂ ಇರಲಿಲ್ಲ.

ಹೊರಗಿನ ಕೂಲಿಗಳು

ಗಡಿಯ ಹೊಲಗಳಲ್ಲಿ ಈಗ ದುಡಿಯುವವರು ಬಹುಪಾಲು ವಿದೇಶಿ ಕಾರ್ಮಿಕರು. ಅಂದಿನ ದಾಳಿಗಳಲ್ಲಿ ಥಾಯ್ಲೆಂಡಿನ ಹತ್ತಾರು ಕೃಷಿ ಕಾರ್ಮಿಕರು ಬಲಿಯಾದರು. ಅಲುಮಿಮ್ ಕಿಬ್ಬುಟ್ಸ್‌ನಲ್ಲಿ ಕೃಷಿ ಕಲಿಯಲು ಬಂದಿದ್ದ ನೇಪಾಳದ 10 ವಿದ್ಯಾರ್ಥಿಗಳು ಸತ್ತರು. ಉತ್ತರದಲ್ಲೂ ಇದೇ ಕಥೆ: 2024ರ ಮಾರ್ಚ್‌ನಲ್ಲಿ ಲೆಬನಾನ್ ಗಡಿಯ ಮರ್ಗಲಿಯೊತ್‌ನ ತೋಟದಲ್ಲಿ ಕ್ಷಿಪಣಿ ಬಿದ್ದು ಸತ್ತ ಕಾರ್ಮಿಕ ಕೇರಳದ ಕೊಲ್ಲಂ ಕಡೆಯವನು.

ಆಮೇಲೆ

ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿ ಒತ್ತೆಯಾಳುಗಳಾದರು. ನಂತರದ ಎರಡು ವರ್ಷಗಳ ಯುದ್ಧದಲ್ಲಿ, ಗಾಝಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, 67,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಿರ್ ಓಝ್‌ನ ಎದುರು ಬೇಲಿಯಾಚೆಗಿದ್ದ ಖುಝಾ ಕೂಡ ಬೇಸಾಯದ ಊರೇ. 2025ರಲ್ಲಿ ಇಸ್ರೇಲಿ ಸೇನೆ ಅದನ್ನು ಬಹುತೇಕ ನೆಲಸಮ ಮಾಡಿತು.

ನಿರ್ ಓಝ್‌ನವರು ಮೊದಲು ಐಲಾತ್‌ನ ಹೋಟೆಲಿನಲ್ಲಿ, ಬಳಿಕ ಕಿರ್ಯತ್ ಗತ್ ನಗರದ ಬಹುಮಹಡಿ ಕಟ್ಟಡಗಳಲ್ಲಿ ಉಳಿದರು. 2025ರ ಅಕ್ಟೋಬರ್ 13ರಂದು ಜೀವಂತ ಉಳಿದಿದ್ದ ಕೊನೆಯ 20 ಒತ್ತೆಯಾಳುಗಳ ಬಿಡುಗಡೆಯಾಯಿತು. ಅವರಲ್ಲಿ ನಿರ್ ಓಝ್‌ನಿಂದ ಅಪಹೃತರಾದವರೂ ಇದ್ದರು.