ಯೂಸರ್ ಅಕೌಂಟ್ ಕಂಟ್ರೋಲ್

ಯೂಸರ್ ಅಕೌಂಟ್ ಕಂಟ್ರೋಲ್ (ಯುಎಸಿ) ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ಸುರಕ್ಷತಾ ಸೌಲಭ್ಯ. ಯಾವುದೇ ತಂತ್ರಾಂಶವು ಗಣಕದ ಮೂಲ ವ್ಯವಸ್ಥೆಯನ್ನು ಬದಲಿಸಲು ಮುಂದಾದಾಗ ಇದು ಬಳಕೆದಾರರ ಅನುಮತಿಯನ್ನು ಕೇಳುತ್ತದೆ. 2007ರ ಜನವರಿಯಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾದ ವಿಂಡೋಸ್ ವಿಸ್ತಾದೊಂದಿಗೆ ಬಳಕೆಗೆ ಬಂದಿತು.

ಹಿನ್ನೆಲೆ

ವಿಂಡೋಸ್ ಎಕ್ಸ್‌ಪಿಯಲ್ಲಿ ಹೆಚ್ಚಿನವರು ನಿರ್ವಾಹಕ ಖಾತೆಯಲ್ಲಿಯೇ ಕೆಲಸ ಮಾಡುತ್ತಿದ್ದುದರಿಂದ ಒಳನುಸುಳಿದ ವೈರಸ್‌ಗೂ ನಿರ್ವಾಹಕರ ಪೂರ್ಣ ಅಧಿಕಾರ ದೊರೆಯುತ್ತಿತ್ತು. ಯುಎಸಿ ಜಾರಿಯಲ್ಲಿದ್ದಾಗ ನಿರ್ವಾಹಕರು ತೆರೆದ ತಂತ್ರಾಂಶವೂ ಸಾಮಾನ್ಯ ಬಳಕೆದಾರರ ಅಧಿಕಾರದಲ್ಲಿಯೇ ನಡೆಯುತ್ತದೆ. ಒಪ್ಪಿಗೆಯ ಬಳಿಕವಷ್ಟೇ ಹೆಚ್ಚಿನ ಅಧಿಕಾರ ಪಡೆಯುತ್ತದೆ.

ಟೀಕೆ

ವಿಸ್ತಾದಲ್ಲಿ ಪದೇ ಪದೇ ಕಾಣಿಸಿಕೊಂಡ ಎಚ್ಚರಿಕೆಗಳು ಕಿರಿಕಿರಿ ಉಂಟುಮಾಡಿದವು. ಓದದೆಯೇ ಒಪ್ಪಿಗೆ ಒತ್ತುವ ಅಭ್ಯಾಸ ಬೆಳೆದರೆ ಎಚ್ಚರಿಕೆಯ ಉದ್ದೇಶವೇ ವಿಫಲವಾಗುತ್ತದೆ ಎಂಬುದು ಮುಖ್ಯ ಆಕ್ಷೇಪ. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ನಾಲ್ಕು ಹಂತಗಳ ಆಯ್ಕೆಯನ್ನು ನೀಡಲಾಯಿತು.

ಎಚ್ಚರಿಕೆಗಳನ್ನು ಕಡಿಮೆ ಮಾಡುವ ಕ್ರಮ

ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್ ವಿಭಾಗದಲ್ಲಿ 'ಚೇಂಜ್ ಯೂಸರ್ ಅಕೌಂಟ್ ಕಂಟ್ರೋಲ್ ಸೆಟ್ಟಿಂಗ್ಸ್' ಎಂಬುದನ್ನು ಆಯ್ದುಕೊಂಡರೆ, ಮೇಲೆ ಕೆಳಗೆ ಸರಿಸಬಹುದಾದ ಸೂಚಕವೊಂದು ಕಾಣುತ್ತದೆ. ಮೇಲಿನಿಂದ ಅದರ ಹಂತಗಳು ಹೀಗಿವೆ:

1. ತಂತ್ರಾಂಶ ಅಥವಾ ಬಳಕೆದಾರರು ಮಾಡುವ ಎಲ್ಲ ಬದಲಾವಣೆಗಳಿಗೂ ಎಚ್ಚರಿಕೆ.
2. ತಂತ್ರಾಂಶಗಳು ಮಾಡುವ ಬದಲಾವಣೆಗಳಿಗೆ ಮಾತ್ರ ಎಚ್ಚರಿಕೆ. ಇದು ಪೂರ್ವನಿಗದಿತ ಹಂತ.
3. ಎರಡನೆಯದರಂತೆಯೇ, ಆದರೆ ಪರದೆ ಮಬ್ಬಾಗುವುದಿಲ್ಲ.
4. ಎಚ್ಚರಿಕೆ ಇರುವುದಿಲ್ಲ.

ಪರಿಣಾಮಗಳು

ಪರದೆ ಮಬ್ಬಾಗುವುದು ಕೇವಲ ಅಲಂಕಾರವಲ್ಲ. ಆ ಸಮಯದಲ್ಲಿ ಬೇರೆ ತಂತ್ರಾಂಶಗಳು ಅನುಮತಿಯ ಚೌಕದಲ್ಲಿ ಕೈಯಾಡಿಸಲಾರವು. ಮೂರನೆಯ ಹಂತದಲ್ಲಿ ಈ ರಕ್ಷಣೆ ಇಲ್ಲವಾಗುತ್ತದೆ. ನಾಲ್ಕನೆಯ ಹಂತದಲ್ಲಿ ನಿರ್ವಾಹಕ ಖಾತೆಯ ಬದಲಾವಣೆಗಳು ಕೇಳದೆಯೇ ನಡೆದರೆ, ಸಾಮಾನ್ಯ ಖಾತೆಯವು ತಾವಾಗಿಯೇ ನಿರಾಕರಿಸಲ್ಪಡುತ್ತವೆ. ಕಿರಿಕಿರಿಯ ಜೊತೆಗೆ, ಹಾನಿಕಾರಕ ತಂತ್ರಾಂಶವನ್ನು ತಡೆಯುವ ಅವಕಾಶವೂ ಕೈತಪ್ಪುತ್ತದೆ.